ಗೋಡೆ ತಣ್ಣಗಿದೆ

ಹಾಸನದ ಕೈಗಾರಿಕಾ ಪ್ರದೇಶ, ಕೊನೆಯ ಸಾಲಿನ ಶೆಡ್ಡು.
ಧರಣೇಂದ್ರಯ್ಯನವರ ಕುಲುಮೆ.
ಕಾಫಿ ಪಲ್ಪರಿನ ಹಲ್ಲು, ಟ್ರಾಕ್ಟರಿನ ಪಿನ್ನು, ಗುದ್ದಲಿಯ ಬಾಯಿ,
ಎಲ್ಲಕ್ಕೂ ಇಲ್ಲೇ ಹದ.
ಬೆಂಕಿ ಹಚ್ಚುವವನು ನಾನು, ಹತ್ತೊಂಬತ್ತು ವರ್ಷದಿಂದ.

ಸೋಮವಾರ ಬೆಳಗಿನ ಜಾವ ಮೂರಕ್ಕೇ ಬರ್ನರು ಹೊತ್ತಿಸಬೇಕಿತ್ತು
ಎಂಟರ ಪಾಳಿಗೆ ಒಂಬೈನೂರು ಡಿಗ್ರಿ ಸಿಗಲು.
ಒಂದು ಮೊಳ ದಪ್ಪದ ಇಟ್ಟಿಗೆ
ಮೊದಲು ತಾನು ಉಣ್ಣುತ್ತಿತ್ತು,
ಬಡಿಸಲು ನಿಂತವನೇ ಎಲೆ ಹಾಕಿಕೊಂಡು ಕೂತ ಹಾಗೆ.
ಡೀಸೆಲ್ಲು ಸುರಿ, ಸುರಿ, ಇನ್ನೂ ಸುರಿ.
ಅದು ತೇಗಿದ ಮೇಲೆ
ಕಬ್ಬಿಣಕ್ಕೆ ತುತ್ತು.

ಉಂಡದ್ದಾದರೂ ಹೊಟ್ಟೆಯಲ್ಲಿ ನಿಲ್ಲುತ್ತಿತ್ತೇ?
ಹೊರಗಿನ ತಗಡಿಗೆ ನೀರು ಚಿಮುಕಿಸಿದರೆ ಚುಂಯ್.
ಅದರ ಅಂಚಿನಲ್ಲಿ ವಾಚ್‌ಮನ್ ಕರಿಶೆಟ್ಟಿಯ ಬುತ್ತಿ ಡಬ್ಬಿ,
ನನ್ನ ಒದ್ದೆ ಕಾಲುಚೀಲ,
ಕೆಳಗೆ ಮೂಗನ್ನು ಬಾಲದೊಳಗೆ ಸಿಕ್ಕಿಸಿಕೊಂಡ ಕಂದು ನಾಯಿ.
ಮಾರ್ಗಶಿರದ ಚಳಿಗೆ
ಬಾಡಿಗೆ ಕೇಳದ ಬಿಡಾರ.

ಲೆಕ್ಕ ಹಾಕಲು ಬಂದಳು ನಿಸರ್ಗ ಎಂಬ ಹುಡುಗಿ.
ಪಿಸ್ತೂಲಿನಂಥದ್ದು ಹಿಡಿದು
ಗೋಡೆಯ ಮೇಲೆ ಕೆಂಪು ಚುಕ್ಕೆ ಇಟ್ಟಳು: ನೂರ ಹದಿನೆಂಟು.
"ನೋಡಿ ಸರ್, ಊರಿಗೆಲ್ಲ ಹಂಚ್ತಾ ಇದೀರಿ ಡೀಸೆಲ್ಲು."
"ಹಂಚಿದ್ರೆ ಪುಣ್ಯ ಕಣವ್ವ" ಅಂದ ಕರಿಶೆಟ್ಟಿ.
ಧರಣೇಂದ್ರಯ್ಯ ನಗಲಿಲ್ಲ.
ಅವರ ಜೇಬಿನಲ್ಲಿ ಬಂಕಿನ ಬಿಲ್ಲು ಇತ್ತು.

ಕಿತ್ತದ್ದು ದಸ್ತಗೀರ್ ಮೇಸ್ತ್ರಿ, ಕಟ್ಟಿದ್ದವನೇ.
ಉಳಿಯ ಮೊನೆಯಲ್ಲಿ ಒಂದೊಂದೇ ಇಟ್ಟಿಗೆ,
ಹಲ್ಲು ಕಿತ್ತ ದವಡೆಯಂತೆ ಬಾಯಿಬಿಟ್ಟ ಕುಲುಮೆ.
ಶನಿವಾರ ಆರಿಸಿದ ಬೆಂಕಿ, ಸೋಮವಾರವೂ
ಒಳಗಿನ ಇಟ್ಟಿಗೆ ಅಂಗೈಗೆ ಬೆಚ್ಚಗೆ.
ಒಂದನ್ನು ಗೋಣಿತಾಟಿನಲ್ಲಿ ಸುತ್ತಿ
ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡ. ಯಾಕೆಂದು ನಾನು ಕೇಳಲಿಲ್ಲ.

ಆಮೇಲೆ ಲಾರಿಯಲ್ಲಿ ರಟ್ಟಿನ ಡಬ್ಬಗಳು ಬಂದವು.
ಎತ್ತಿದರೆ ಭಾರವೇ ಇಲ್ಲ.
ಬಿಚ್ಚಿದರೆ ಬೆಳ್ಳಗೆ, ಅರಳೆಯಂಥ ಹಾಸು.
"ಏನಮ್ಮಾ, ಬೆಂಕಿಗೆ ಕೌದಿ ಹೊಲಿಯೋಕೆ ಬಂದ್ಯಾ?"
ಮೂಗಿಗೆ ಮುಸುಕು, ಕೈಗೆ ಚೀಲ,
ಆದರೂ ಮೂರು ದಿನ ಕತ್ತಿನ ಸುತ್ತ ತುರಿಕೆ.
ಮಡಿಸು, ಒತ್ತು, ಉಕ್ಕಿನ ಮುಳ್ಳಿಗೆ ಸಿಕ್ಕಿಸು,
ಇನ್ನೊಂದು ಮಡಿಸು.

"ಇದರೊಳಗೇನಿದೆ?" ದಸ್ತಗೀರ್ ಕೇಳಿದ.
"ಪಿಂಗಾಣಿಯ ಎಳೆ. ಅದು ಸ್ವಲ್ಪ.
ನೂರಕ್ಕೆ ತೊಂಬತ್ತರ ಮೇಲೆ ಗಾಳಿ, ಅಷ್ಟೆ.
ಅಲುಗದ ಗಾಳಿ."

ಮೇಸ್ತ್ರಿ ಬೀಡಿ ಹಚ್ಚಿದವನು ಸೇದುವುದನ್ನು ಮರೆತ.
ಮೂವತ್ತು ವರ್ಷ ಅವನು
ಇಟ್ಟಿಗೆ ಇಟ್ಟಿಗೆಯ ನಡುವೆ ಕೂದಲೆಳೆ ತೂರದಂತೆ
ಸಂದು ಮುಚ್ಚಿದ್ದ, ಗಾಳಿಯೇ ಕಳ್ಳನೆಂದು.
ಕಳ್ಳನನ್ನೇ ಹಿಡಿದು ಕೂರಿಸಿದರೆ
ಕಾವಲಾಗುತ್ತಾನೆಂದು
ಯಾರೂ ಹೇಳಿರಲಿಲ್ಲ.

ಹೊಸ ಕುಲುಮೆ ಕಾಯಲು ಒಂದೂಕಾಲು ಗಂಟೆ.
ಒಳಗೆ ನಿಗಿನಿಗಿ, ಬಾಗಿಲ ಸಂದಿಯಲ್ಲಿ ದಾಸವಾಳದ ಬಣ್ಣ.
ಹೊರಗೆ ತಗಡಿನ ಮೇಲೆ
ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ
ಅಂಗೈ ಇಟ್ಟೆ, ಇಟ್ಟೇ ಇದ್ದೆ,
ಮಗುವಿನ ಜ್ವರ ಇಳಿಯಿತೇ ಎಂದು ನೋಡುವವನ ಹಾಗೆ.
ಇಳಿದಿತ್ತು.

ಗಂಟೆಗೆ ಹನ್ನೊಂದು ಲೀಟರು ಉಳಿತಾಯ.
ಧರಣೇಂದ್ರಯ್ಯ ಎಲ್ಲರಿಗೂ ಖಾರಾಬನ್ನು ತರಿಸಿದರು.
ನಾಯಿ ಎರಡು ರಾತ್ರಿ ಗೋಡೆಗೆ ಬೆನ್ನು ಕೊಟ್ಟು ನೋಡಿತು,
ಮೂರನೆಯ ದಿನ ಡೈರಿ ಸರ್ಕಲ್ಲಿನ ಬೇಕರಿಯ ಹಿಂದೆ ಕಂಡಿತು.
ಕರಿಶೆಟ್ಟಿ ತಣ್ಣನೆಯ ಮುದ್ದೆ ಮುರಿಯುತ್ತಾ
ಮೇಲೆ ಬೆರಳು ತೋರಿಸಿದ:
"ಆ ಚಿಮಣೀನಾದ್ರೂ ಬಿಡವ್ವ."
ನಿಸರ್ಗ ಮಾತಾಡಲಿಲ್ಲ. ಪುಸ್ತಕದಲ್ಲಿ
ಚಿಮಣಿಯ ಚಿತ್ರ ಆಗಲೇ ಬರೆದಿದ್ದಳು.

ಈಗ ಸೋಮವಾರ ಆರೂವರೆಗೆ ಬಂದರೆ ಸಾಕು.
ಮನೆಯಾಕೆಗೆ ಖುಷಿ, ಕಾಲಿಗೂ ಒಳ್ಳೆಯದು.
ಆದರೂ ಮೂರಕ್ಕೆ ಎಚ್ಚರ.
ಕತ್ತಲಲ್ಲಿ ಕೂತು ಕೇಳುತ್ತೇನೆ,
ಬೈಪಾಸಿನಲ್ಲಿ ಲಾರಿ, ದೂರದ ರೈಲು,
ಒಳಗೆಲ್ಲೋ ಇನ್ನೂ ಆರದ
ಹಳೆಯ ಇಟ್ಟಿಗೆ.